ಬಾಯಿ ಕಟ್ಟಿದ ರೇಡಿಯೊ

ಫೋನು ಬರೆದ ಮೊದಲ ಮಾತನ್ನು ಓದಿ ಮೇಸ್ತ್ರಿ ಕುರ್ಚಿಯಿಂದ ಎದ್ದೇ ನಿಂತರು.

"ಏನೇ ಇವಳೇ, ಬಾವಿಗೆ ಹಾರಿ ಅಂತೀಯಲ್ಲ? ಅಂಥದ್ದೇನು ಮಾಡಿದೆ ನಾನು?"

ಹೆಂಡತಿ ಹೇಳಿದ್ದು ಬಾಗಿಲು ಹಾಕಿ ಅಂತ. "ಅಯ್ಯೋ, ನೊಣ ಬರ್ತಾವೆ ಅಂದೆ ಕಣ್ರೀ!" ಎಂದು ಆಕೆ ಕೂಗುತ್ತಿದ್ದಂತೆ ಗಾಜಿನ ಮೇಲಿನ ಅಕ್ಷರಗಳು ಅಲುಗಾಡಿದವು. ಬಾವಿ ಹೋಗಿ ಬಾಗಿಲಾಯಿತು, ಹಾರಿ ಹೋಗಿ ಹಾಕಿ ಆಯಿತು, ಅದರ ಬೆನ್ನಿಗೆ ನೊಣಗಳೂ ಬಂದು ಕೂತವು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಫೋನು ತಂದವಳು ಸೊಸೆ. ಆಸ್ಪತ್ರೆಯ ಕಿವಿ ವಿಭಾಗದಲ್ಲಿ ನರ್ಸು. ಎದುರಿನವರು ಮಾತಾಡಿದರೆ ಇದು ಬರೆದು ತೋರಿಸುತ್ತದೆ, ಕಿವಿ ಕೇಳದ ಮಾವ ಓದಿಕೊಂಡರಾಯಿತು ಎಂದು ತನ್ನ ಹಳೆಯ ಫೋನಿಗೆ ಅಂಥದೊಂದು ಆ್ಯಪ್ ಹಾಕಿಸಿಕೊಂಡು ಬಂದಿದ್ದಳು.

"ಅದಕ್ಕೆ ನಮ್ಮ ಮಾತಿನ ಅರ್ಥ ಗೊತ್ತಾಗುತ್ತೇನೇ?" ಅತ್ತೆ ಕೇಳಿದಳು.

"ನಮ್ಮ ಥರ ಅಲ್ಲ ಅತ್ತೆ. ಲಕ್ಷಾಂತರ ಜನರ ಮಾತು ಕೇಳಿಸಿ ಕಲಿಸಿರ್ತಾರೆ. ಯಾವ ಮಾತಿನ ಪಕ್ಕ ಯಾವ ಮಾತು ಬರುತ್ತೆ ಅಂತ ಅಂದಾಜು ಕಟ್ಟುತ್ತೆ. ಮುಂದಿನ ಮಾತು ಕೇಳಿದ ಮೇಲೆ ಹಿಂದಿಂದು ತಪ್ಪು ಅನ್ನಿಸಿದ್ರೆ ತಿದ್ಕೊಳ್ಳುತ್ತೆ."

"ಅರ್ಧ ಕೇಳಿ ಪೂರ್ತಿ ಕಟ್ಟೋದು. ನನ್ನ ನಾದಿನಿ ಹಾಗೇ ಅನ್ನು. ಆದ್ರೆ ಅವಳು ತಿದ್ಕೊಳ್ತಿರ್ಲಿಲ್ಲ."

ನಗುನಗುತ್ತಲೇ ಸೊಸೆ ಇನ್ನೊಂದು ಮಾತು ಹೇಳಿದಳು: "ಇನ್ಮೇಲೆ ನೀವು ಅಂದಿದ್ದೆಲ್ಲ ಮಾವನಿಗೆ ತಿಳಿಯುತ್ತೆ ಅತ್ತೆ. ಹುಷಾರು."

ಅತ್ತೆಯ ನಗು ಅಲ್ಲೇ ನಿಂತಿತು.

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ರೇಡಿಯೊ ಅಮ್ಮ ಎಂದು. ಬೆಳಿಗ್ಗೆ ಬಾಯಿ ತೆರೆದರೆ ಮಲಗುವ ತನಕ ಒಂದೇ ಸಮನೆ ಮಾತು. ಗಂಡನಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಆಕೆ ಮಾತಾಡುತ್ತಿದ್ದುದು ಗಂಡನ ಜೊತೆಗೇ. ಕಾಯಿಪಲ್ಲೆ ಹೆಚ್ಚುತ್ತ, ಬಟ್ಟೆ ಮಡಿಸುತ್ತ, ಅವರ ತಟ್ಟೆಗೆ ಬಡಿಸುತ್ತ.

ಮೇಸ್ತ್ರಿಯ ಕಿವಿ ಹೋದದ್ದು ಒಂದೇ ದಿನಕ್ಕಲ್ಲ. ಕಬ್ಬಿಣ ಕಡೆಯುವ ಕಾರ್ಖಾನೆಯ ಸದ್ದು ಅದನ್ನು ವರ್ಷವರ್ಷವೂ ಅಷ್ಟಷ್ಟೇ ತಿಂದಿತ್ತು. ಅದನ್ನವರು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರು. ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳು ರಜೆಗೆಂದು ಬಂದವಳು ಅದನ್ನು ಗುರುತು ಹಿಡಿದಳು. ಒಂದು ದಿನ ಯಂತ್ರದ ಪಟ್ಟಿ ಹರಿದಾಗ ಹಿಂದಿನಿಂದ ಎಲ್ಲರೂ ಕಿರುಚಿದರೂ ಅಪ್ಪ ಅಲ್ಲಾಡದೆ ನಿಂತಿದ್ದರೆಂದು ತಿಳಿದದ್ದೇ, ನೇರ ಮಾಲೀಕರ ಹತ್ತಿರ ಹೋಗಿ, "ಅಪ್ಪನಿಗೆ ಕಿವಿ ಕೇಳಿಸಲ್ಲ, ಯಂತ್ರದ ಹತ್ತಿರ ನಿಲ್ಲಿಸಬೇಡಿ" ಅಂದಳು. ಮಾಲೀಕರು ಯಂತ್ರದ ಹತ್ತಿರ ಅಷ್ಟೇ ಅಲ್ಲ, ಗೇಟಿನ ಒಳಗೂ ನಿಲ್ಲಿಸಿಕೊಳ್ಳಲಿಲ್ಲ.

"ನನ್ನ ಅನ್ನಕ್ಕೆ ಕಲ್ಲು ಹಾಕಿದವಳು," ಎಂದು ಮೇಸ್ತ್ರಿ ಗುಡುಗಿದರು. "ಇನ್ನು ಅವಳ ವಿಷಯ ನನ್ನ ಕಿವಿಗೆ ಬೀಳಬಾರದು."

ಮಗಳಿಗೂ ಅಪ್ಪನದೇ ಹಟ. ಅದೇ ಸಂಜೆ ಹೊರಟುಹೋದಳು. ಮೇಸ್ತ್ರಿಯ ಕಿವಿಯಾದರೋ ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿತು. ವರ್ಷ ತುಂಬುವುದರೊಳಗೆ ಪೂರಾ ಮುಚ್ಚಿಕೊಂಡಿತು.

ರೇಡಿಯೊ ಅಮ್ಮನೂ ಆಜ್ಞೆ ಮೀರಿದವಳಲ್ಲ. ಮಗಳ ಫೋನು ಬಂದಾಗಲೆಲ್ಲ ಹಿತ್ತಲಿಗೆ ಹೋಗಿ ಮಾತಾಡಿ, ಒಳಗೆ ಬಂದು ಗಂಡನ ಎದುರು ಕೂತು ಎಲ್ಲವನ್ನೂ ಒಪ್ಪಿಸುತ್ತಿದ್ದಳು. ಮಗಳು ಬಸುರಿಯಾದದ್ದು, ಹೆಣ್ಣು ಹುಟ್ಟಿದ್ದು, ಮಗು ಮಗುಚಿದ್ದು, ಅಂಬೆಗಾಲಿಟ್ಟದ್ದು, ಹಾಲುಹಲ್ಲಿನಲ್ಲಿ ತನ್ನ ಅಪ್ಪನ ಮೂಗು ಕಚ್ಚಿದ್ದು. ಮೇಸ್ತ್ರಿ ಹೂಂ ಹೂಂ ಎಂದು ತಲೆಯಾಡಿಸುತ್ತ ಉಣ್ಣುತ್ತಿದ್ದರು. ಕಿವಿಗೆ ಬೀಳಬಾರದು ಅಂದಿದ್ದರು, ಬೀಳಲಿಲ್ಲ. ಹೇಳಲಿಲ್ಲ ಎಂಬ ಕೊರಗು ಆಕೆಗೂ ಉಳಿಯಲಿಲ್ಲ.

ಈಗ ನೋಡಿದರೆ ಮೇಜಿನ ಮೇಲೆ ಈ ಗಾಜು ಕಣ್ಣು ಬಿಟ್ಟುಕೊಂಡು ಕೂತಿದೆ.

ಮೇಸ್ತ್ರಿಗಂತೂ ಹೊಸ ಜೀವ ಬಂದಂತಾಯಿತು. ಫೋನನ್ನು ಅಂಗಿಯ ಜೇಬಿಗಿಟ್ಟುಕೊಂಡು ಕ್ಷೌರದಂಗಡಿಗೆ ಹೋದರು, ಹಾಲಿನವನ ಮುಖಕ್ಕೆ ಹಿಡಿದರು, ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರ ಜಗಳವನ್ನೂ ಓದಿಕೊಂಡು ಬಂದರು. ಮನೆಯಲ್ಲಿ ಮಾತ್ರ ಓದುವುದಕ್ಕೆ ಏನೂ ಸಿಗಲಿಲ್ಲ. ಹೆಂಡತಿ "ಊಟ", "ಟೀ", "ಬಂದೆ" ಅನ್ನುವಳು, ತುಟಿ ಬಿಗಿದುಕೊಂಡು ಒಳಗೆ ನಡೆದುಬಿಡುವಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, "ರೇಡಿಯೊ ಕೆಟ್ಟುಹೋಯ್ತಾ?" ಎಂದು ಕೇಳಿದಳು.

ಒಂದು ಮಧ್ಯಾಹ್ನ ಮೇಸ್ತ್ರಿ ತುತ್ತನ್ನು ಅರ್ಧಕ್ಕೆ ಬಿಟ್ಟರು. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಆಕೆಯ ಕಡೆ ತಿರುಗಿಸಿದರು.

"ಯಾಕೆ ಮಾತಾಡ್ತಿಲ್ಲ ನೀನು? ಇಷ್ಟು ವರ್ಷ ನಿನ್ನ ಬಾಯಿ ಆಡೋದು ನೋಡ್ಕೊಂಡೇ ಊಟ ಮಾಡಿದೀನಿ. ಏನೋ ಹೇಳ್ತಿದ್ದೆ, ನಗ್ತಿದ್ದೆ, ಒಂದೊಂದ್ಸಲ ಕಣ್ಣೂ ಒರೆಸ್ಕೊಳ್ತಿದ್ದೆ. ನಿನಗೆ ಬರೆದು ತೋರಿಸೋಕೂ ಬರಲ್ಲ, ಏನಂತ ತಿಳ್ಕೊಳ್ಳೋಕೆ ದಾರಿ ಇರ್ಲಿಲ್ಲ. ಈಗ ಇದೆಯಲ್ಲ. ಹೇಳೇ."

ಅವರ ದನಿ ಕಿವುಡರ ದನಿ, ಎಲ್ಲಿ ಏರಿಸಬೇಕು ಎಲ್ಲಿ ಇಳಿಸಬೇಕು ತಿಳಿಯದ್ದು. ಆದರೂ ಆ ಕೊನೆಯ ಮಾತನ್ನು ಹೇಗೋ ಮೆತ್ತಗೆ ಅಂದಿದ್ದರು.

"ನಿಮಗೊಬ್ಬಳು ಮೊಮ್ಮಗಳಿದ್ದಾಳೆ," ಅಂದಳು. ಮಾತು ಬಾಯೊಳಗೇ ಅರ್ಧ ಉಳಿದು ಬಂತು.

ಮೇಸ್ತ್ರಿ ಬಗ್ಗಿ ಓದಿದರು. "ನಿಮಗೊಬ್ಬಳು ಮುಂಗೋಪಿ ಇದ್ದಾಳೆ." ಗಹಗಹಿಸಿ ನಕ್ಕರು. "ಅದನ್ನ ಯಂತ್ರ ಬೇರೆ ಹೇಳ್ಬೇಕಾ? ಎದುರಿಗೇ ಕೂತಿದ್ದಾಳಲ್ಲ!"

ಆಕೆಗೂ ನಗು ಬಂತು. ನಕ್ಕು ಎದ್ದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಟ್ಟೆ ಎತ್ತಿಕೊಂಡು ಒಳಗೆ ಹೋಗಬಹುದಿತ್ತು, ಇನ್ನೊಂದು ದಿನ ನೋಡೋಣ ಅನ್ನಬಹುದಿತ್ತು. ಆದರೆ ಬಾಯಿ ತೆರೆದು ನಗುತ್ತಿದ್ದ ಗಂಡನ ಮುಖ ನೋಡಿ ಆಕೆಗೆ ಏಳಲಾಗಲಿಲ್ಲ. ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ಮಕ್ಕಳಿಗೆ ಪಾಠ ಹೇಳುವವಳಂತೆ ಬಿಡಿಬಿಡಿಯಾಗಿ ಅಂದಳು:

"ಅದಲ್ಲ ರೀ. ಮೊಮ್ಮಗಳು. ನಮ್ಮ ಮಗಳ ಮಗಳು. ಮೂರು ವರ್ಷದ ಕೂಸು."

ಮತ್ತೆ ಮುಂಗೋಪಿ ಎಂದೇ ಬರೆಯಹೊರಟಿದ್ದ ಫೋನು ಮಗಳ ಮಗಳು ಎಂದದ್ದಕ್ಕೆ ತಡೆಯಿತು, ಹಿಂದಕ್ಕೆ ಹೋಗಿ ಅಳಿಸಿತು, ತಿದ್ದಿತು. ಮೇಸ್ತ್ರಿಯ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಕಣ್ಣು ಮಾತ್ರ ಅಕ್ಷರದಿಂದ ಅಕ್ಷರಕ್ಕೆ ನಡೆಯಿತು. ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ಓದಿದರು.

"ಮೂರು ವರ್ಷ," ಅಂದರು. "ಮೂರು ವರ್ಷ ನನಗೊಂದು ಮಾತು ಹೇಳ್ಲಿಲ್ವಲ್ಲೇ ನೀನು?"

"ದಿನಾ ಹೇಳಿದೀನಿ."

ಫೋನು ಅದನ್ನು ಒಂದೂ ತಪ್ಪಿಲ್ಲದೆ ಬರೆಯಿತು.

ಮೇಸ್ತ್ರಿ ಎದ್ದು ಹಿತ್ತಲಿಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಮುಗಿಯಿತು, ಇನ್ನು ಈ ಮನುಷ್ಯ ನನ್ನ ಮುಖವನ್ನೂ ನೋಡುವುದಿಲ್ಲ ಎಂದುಕೊಂಡು ಆಕೆ ಎಂಜಲು ಕೈಯಲ್ಲೇ ಕೂತಿದ್ದಳು. ಅವರು ಮುಖ ತೊಳೆದುಕೊಂಡು ಒಳಗೆ ಬಂದರು. ನರೆತ ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಾತಾಡುತ್ತಾ ಅದು?"

"ಬಾಯಿ ಮುಚ್ಚಿದ್ರೆ ಕೇಳಿ."

"ನಿನ್ನ ತಳಿ," ಅಂದರು ಮೇಸ್ತ್ರಿ. ಹುಬ್ಬಿನ ನೀರು ಒರೆಸಿಕೊಂಡು, "ಫೋನ್ ಮಾಡು," ಅಂದರು.

ಆಕೆ ಕೈ ತೊಳೆದು ತನ್ನ ಪುಟ್ಟ ಫೋನು ತಂದು, ದನಿ ಜೋರು ಮಾಡಿ, ಬರೆಯುವ ಫೋನಿನ ಎದುರಿಗಿಟ್ಟಳು. ಎತ್ತಿದ್ದು ಮಗಳಲ್ಲ, ಕೂಸು. "ಯಾಲೂ? ಯಾಲೂ?" ಎಂದು ಕೂಗಿತು. ಗಾಜಿನ ಮೇಲೆ "ಆರು ಆರು" ಎಂದು ಮೂಡಿತು. "ಹೇಳು ಕಂದಾ, ಅಜ್ಜ ಇದ್ದಾರೆ," ಎಂದಳು ಅಜ್ಜಿ. ಅಷ್ಟೇ ಸಾಕಾಯಿತು. ಮಗು ಶುರುಹಚ್ಚಿಕೊಂಡಿತು: ಬೆಕ್ಕು, ಚಪ್ಪಲಿ, ಯಾರೋ ಬಿದ್ದದ್ದು, ಯಾರೋ ಅತ್ತದ್ದು, ನಡುನಡುವೆ ಅದರದೇ ಒಂದು ಭಾಷೆ. ಫೋನು ಒಂದು ಮಾತು ಬರೆಯಿತು, ಅಳಿಸಿತು, ಇನ್ನೊಂದು ಬರೆದು ಅದನ್ನೂ ಅಳಿಸಿತು. ಆಮೇಲೆ ಬರೆಯುವುದನ್ನೇ ಬಿಟ್ಟಿತು.

ಮೇಸ್ತ್ರಿ ಖಾಲಿ ಗಾಜನ್ನು ಸ್ವಲ್ಪ ಹೊತ್ತು ನೋಡಿದರು. ಅದನ್ನು ಮೆಲ್ಲಗೆ ಬೋರಲು ಹಾಕಿದರು. ಮಾತಾಡುತ್ತಿದ್ದ ಪುಟ್ಟ ಫೋನನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು, ಇನ್ನೊಂದು ಅಂಗೈಯನ್ನು ಅದರ ಮೇಲೆ ಮುಚ್ಚಿ, ಕಣ್ಣು ಮುಚ್ಚಿ ಕೂತರು. ಎರಡು ಅಂಗೈಗಳ ನಡುವೆ ಕೂಸಿನ ಮಾತಿಗೆ ಅದು ಸಣ್ಣಗೆ ನಡುಗುತ್ತಲೇ ಇತ್ತು.