ಹಿಟ್ಟಿಲ್ಲದ ಸಂಜೆ

ಹಿಟ್ಟಿನ ಗಿರಣಿಯವನು ಮನೆಯೊಳಗೆ ಕಾಲಿಟ್ಟರೆ ಸಾಕು, ಅವನ ಮೈಮೇಲಿನ ಹಿಟ್ಟಿನಿಂದ ಹೆಂಡತಿಗೆ ಸೀನು ಹತ್ತಿ ಕಣ್ಣು ಕೆಂಡವಾಗುತ್ತಿತ್ತು. ಬಾಗಿಲಲ್ಲೇ ಅಂಗಿ ಕೊಡವಿದರೂ ಅಷ್ಟೇ, ತಲೆಗೆ ನೀರು ಸುರಿದುಕೊಂಡರೂ ಅಷ್ಟೇ. ಹಾಗಾಗಿ ಅವನು ಬರುವ ಹೊತ್ತಿಗೆ ಅವಳು ಅಲರ್ಜಿ ಮಾತ್ರೆ ನುಂಗಿರುತ್ತಿದ್ದಳು. ಸೀನೇನೋ ನಿಲ್ಲುತ್ತಿತ್ತು, ಆದರೆ ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ಅವನು ಉಣ್ಣುವಾಗ ಎದುರಿಗೆ ಅವಳ ಗೊರಕೆ. ಸಂಸಾರವೆಲ್ಲ ಹೀಗೇ ಸವೆಯಿತು. ಹೇಳಬೇಕಾದ್ದನ್ನೆಲ್ಲ ಅವನು ಗಿರಣಿಯ ಗದ್ದಲದಲ್ಲೇ ಒಬ್ಬನೇ ಒದರಿ ಮುಗಿಸಿದ.

ಕೊನೆಗೆ ಗಿರಣಿ ಮುಚ್ಚಿತು. ಅಂದು ಸಂಜೆ ಒಗೆದ ಅಂಗಿ ತೊಟ್ಟು ಅವಳೆದುರು ಕೂತ. ಅವಳು ಎಂದಿನಂತೆ ಮಾತ್ರೆ ತೆಗೆದಳು.

"ಅದ್ಯಾಕೆ ಇನ್ನು? ಮೈಮೇಲೆ ಹಿಟ್ಟಿಲ್ವಲ್ಲೇ. ಕೂತ್ಕೋ, ಮಾತಾಡೋಣ."

"ಹೇಳಿ, ಏನು ಮಾತಾಡೋಣ?" ಎಂದು ಅವಳು ನಿಜಕ್ಕೂ ಕಾದಳು.

ಅವನಿಗೆ ಒಂದೂ ತೋಚಲಿಲ್ಲ. ಅವಳು ಮಾತ್ರೆ ಬಾಯಿಗೆ ಹಾಕಿಕೊಂಡಳು. ನೀರಿನ ಲೋಟ ಅವನೇ ಎತ್ತಿ ಕೊಟ್ಟ.