ಕಿಟಕಿ ಮೇಜಿನ ಚಳಿ

ನಾನೊಂದು ಗಾಜಿನ ಕೋನಿಕಲ್ ಫ್ಲಾಸ್ಕ್. ಕುಲುಮೆಯ ಬೆಂಕಿಯಲ್ಲಿ ಹುಟ್ಟಿದವಳು. ಸೆಕೆ ನನಗೆ ತವರಿದ್ದ ಹಾಗೆ. ಚಳಿ ಏನೆಂದು ತಿಳಿದದ್ದು ಕಲಬುರಗಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ, ಅದೂ ಸುಡುಬೇಸಿಗೆಯಲ್ಲಿ.

ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನನ್ನನ್ನು ಮೊದಲು ಕೈಗೆತ್ತಿಕೊಂಡವರು ಶಾಂಭವಿ ಮೇಡಂ. ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಇಂಟು ಗುರುತು ಬರೆದು, ಅದರ ಮೇಲೆ ನನ್ನನ್ನಿಟ್ಟು, ಹೈಪೋ ಎಂಬ ಲವಣದ ದ್ರಾವಣಕ್ಕೆ ಆಮ್ಲ ಸುರಿಯುವರು. ನನ್ನೊಳಗೆ ಗಂಧಕ ಹಾಲಿನಂತೆ ಕದಡಿ ಬರುವುದು. ಮೇಲಿನಿಂದ ಬಗ್ಗಿ ನೋಡುವ ಹುಡುಗಿಯರ ಕಣ್ಣಿಗೆ ಗುರುತು ಕಾಣದಾದ ಕೂಡಲೇ ಸ್ಟಾಪ್‌ವಾಚ್ ಒತ್ತಬೇಕು. ಕ್ರಿಯೆಯ ವೇಗ ಅಳೆಯುವುದೆಂದರೆ ಇಷ್ಟೇ. ಬಿಸಿಯಿದ್ದರೆ ಬೇಗ, ತಣ್ಣಗಿದ್ದರೆ ನಿಧಾನ.

ಒಂದು ಮಧ್ಯಾಹ್ನ ಕಿಟಕಿ ಪಕ್ಕದ ಮೇಜಿನ ಬಳಿ ಪಾಠ ಹೇಳುತ್ತಲೇ ಶಾಂಭವಿ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ. ಕೆಲವು ವರ್ಷಗಳ ಮೇಲೆ ಅವರ ತಂಗಿ ಕಸ್ತೂರಿ ಅದೇ ಕೆಲಸಕ್ಕೆ ಬಂದರು.

ಪರೀಕ್ಷೆ ಹತ್ತಿರವಾದಾಗ ಹುಡುಗಿಯರು ದೂರು ತಂದರು. ಕಿಟಕಿ ಮೇಜಿನಲ್ಲಿ ಗುರುತು ಬೇಗ ಮರೆಯಾಗುವುದೇ ಇಲ್ಲವಂತೆ. ಸರಿಯಾಗಿ ಅಳೆದು ಹಾಕಿರಲಿಕ್ಕಿಲ್ಲ ಎಂದು ಗದರಿ, ಕಸ್ತೂರಿ ತಾವೇ ಮಾಡಿ ನೋಡಿದರು. ಬಾಗಿಲ ಬಳಿಯ ಮೇಜಿನಲ್ಲಿ ನಾನು ಥಟ್ಟನೆ ಬೆಳ್ಳಗಾದೆ. ನಡುವಿನ ಮೇಜಿನಲ್ಲಿ ತುಸು ತಡ. ಕಿಟಕಿಯ ಬಳಿ, ಬಿಸಿಲು ನೇರ ಬೀಳುವಲ್ಲಿ, ನನ್ನ ಮೈಯೆಲ್ಲ ಮರಗಟ್ಟಿತು. ಒಳಗಿನ ನೀರು ತಿಳಿಯಾಗಿಯೇ ಉಳಿಯಿತು.

ಮರುದಿನ ಅಲ್ಲಿ ನಿಂತಿದ್ದ ನಾಜ್ನೀನ್ ಎಂಬ ಹುಡುಗಿ ಎಚ್ಚರ ತಪ್ಪಿ ಬಿದ್ದಳು. ಅವಳ ಬೆರಳುಗಳು ನೀಲಿಗಟ್ಟಿದ್ದವು. ಎಷ್ಟು ತಿಕ್ಕಿದರೂ ಬೆಚ್ಚಗಾಗಲಿಲ್ಲ.

ಅವಳನ್ನು ಆಸ್ಪತ್ರೆಗೆ ಕಳಿಸಿ, ಉಳಿದವರನ್ನು ಹೊರಗೆ ನಿಲ್ಲಿಸಿ, ಕಸ್ತೂರಿ ಬಾಗಿಲು ಹಾಕಿಕೊಂಡರು. ನನ್ನನ್ನು ಕಿಟಕಿ ಮೇಜಿನ ಮೇಲಿಟ್ಟು ಆಮ್ಲ ಸುರಿದರು. ಬಹಳ ಹೊತ್ತು ಕಾದರು. ಗುರುತು ಹಾಗೆಯೇ ಇತ್ತು.

"ಅಕ್ಕಾ, ನೀನೇ ಅಂತ ತಿಳೀತು," ಎಂದರು ಮೆಲ್ಲಗೆ. "ಹುಡುಗ್ಯಾರ ತಂಟಿಗಿ ಬರಬ್ಯಾಡ. ನಿನಗ ಯಾರಾರ ಬೇಕೇ ಬೇಕಂದ್ರ, ನಾ ಇದ್ದೀನಲ್ಲ."

ಒಮ್ಮೆಲೇ ನಾನು ಬೆಳ್ಳಗಾದೆ. ಮೇಜು ಬಿಸಿಲಿಗೆ ಕಾಯತೊಡಗಿತು. ಆದರೆ ನನ್ನನ್ನು ಎತ್ತಿಕೊಂಡ ಕಸ್ತೂರಿಯ ಕೈ ಮಂಜುಗಡ್ಡೆಯಾಗಿತ್ತು.

ಆ ಸಂಜೆಯೇ ನಾಜ್ನೀನ್ ಎದ್ದು ಕುಳಿತಳಂತೆ. ಅಂದಿನಿಂದ ಕಸ್ತೂರಿ ಮಾತ್ರ ಪ್ರಯೋಗದ ವೇಳೆ ನಮ್ಮಂಥ ಫ್ಲಾಸ್ಕುಗಳಲ್ಲಿ ಯಾರನ್ನೂ ಮುಟ್ಟಲಿಲ್ಲ. ಅವರು ಹಿಡಿದದ್ದೆಲ್ಲ ನಿಧಾನವಾಗುತ್ತಿತ್ತು. ಅವರಿಗೆ ನಿವೃತ್ತಿಯಾಗುವ ಹೊತ್ತಿಗೆ ನನ್ನ ಬಾಯಿ ಚಕ್ಕೆ ಎದ್ದಿತ್ತು. ಎಸೆಯಬೇಡಿರೆಂದು ಹೇಳಿ ನನ್ನನ್ನು ಮನೆಗೆ ಒಯ್ದರು. ಈಗ ನಾನೊಂದು ಬಳ್ಳಿಯ ತುಂಡಿಗೆ ನೀರು ಹಿಡಿದುಕೊಂಡು ಗೋಡೆಯ ಗೂಡಿನಲ್ಲಿ ಕುಳಿತಿದ್ದೇನೆ. ಬಳ್ಳಿ ಒಣಗಿಲ್ಲ, ಚಿಗುರಿಯೂ ಇಲ್ಲ.

ಮೊನ್ನೆ ನಾಜ್ನೀನ್ ಬಂದಿದ್ದಳು. ತಲೆ ಪೂರ್ತಿ ನೆರೆತಿದೆ, ಮೊಮ್ಮಕ್ಕಳಿದ್ದಾರೆ. ಕಸ್ತೂರಿಯ ಕಪ್ಪು ಜಡೆ ನೋಡಿ, "ಮೇಡಂ, ನೀವು ಅವತ್ತ ಹ್ಯಾಂಗಿದ್ರಿ, ಹಾಂಗೇ ಇದ್ದೀರಿ" ಎಂದು ನಕ್ಕು ಕೈ ಹಿಡಿದುಕೊಂಡಳು. ಹಿಡಿದವಳು ನಗು ನಿಲ್ಲಿಸಿದಳು.

"ನಾನೂ ಮುದುಕಿ ಆಗ್ತೀನವ್ವಾ," ಎಂದರು ಕಸ್ತೂರಿ. "ಜರಾ ನಿಧಾನ, ಅಷ್ಟ."

ನಿಧಾನವಾದದ್ದು ನಿಂತುಹೋದಂತಲ್ಲ, ನನ್ನೊಳಗೆ ಎಷ್ಟೋ ಸಲ ಅದನ್ನು ಕಂಡಿದ್ದೇನೆ. ಆದರೆ ಕಾಯುವವರಿಗೆ ಎರಡೂ ಒಂದೇ. ನಾಜ್ನೀನಳ ಚಹಾ ಇನ್ನೂ ಹಬೆಯಾಡುತ್ತಿತ್ತು. ಕಸ್ತೂರಿಯ ಲೋಟದಲ್ಲಿ ಆಗಲೇ ಕೆನೆಗಟ್ಟಿತ್ತು.