ಗಂಧಕ ಬಿಡುವ ಹೊತ್ತು

ಕಾರ್ಖಾನೆಯ ಕಡಾಯಿಯ ಮುಚ್ಚಳದ ಸಂದಿಯಿಂದ ಹಬೆ ಏಳುತ್ತಿದೆ, ಬೆಳ್ಳಗೆ, ಸುಮ್ಮನೆ, ಇನ್ನೂ ಏನೂ ಬಂದಿಲ್ಲ, ಬರಲಿ, ಕಾಯುವುದೇನು ಅವಳಿಗೆ ಹೊಸದೇ, ಹದಿನಾಲ್ಕು ವರ್ಷದಿಂದ ಇದೇ ಕೆಲಸ — ಹಳೇ ಟೈರಿನ ಪುಡಿಗೆ ಎಣ್ಣೆ, ರಾಸಾಯನಿಕ ಬೆರೆಸಿ ಕಾಯಿಸಿದರೆ ರಬ್ಬರನ್ನು ಬಿಗಿದು ಹಿಡಿದ ಗಂಧಕ ಕೈ ಬಿಡುತ್ತದೆ, ಮೊದಲು ಕೊಳೆತ ಮೊಟ್ಟೆಯ ನಾತ, ಅದು ಇಳಿದು ಸಕ್ಕರೆ ಸೀದಂಥ ವಾಸನೆ ಎದ್ದ ಗಳಿಗೆಯಲ್ಲೇ ಉರಿ ಆರಿಸಬೇಕು, ತಡವಾದರೆ ರಬ್ಬರೇ ಕೆಟ್ಟು ಗೋಂದಾಗುತ್ತದೆ, ಮೀಟರು ಇಲ್ಲವೆಂದಲ್ಲ, ಆದರೆ ಯಜಮಾನರಿಗೆ ಮೀಟರಿಗಿಂತ ಮೂಗಿನಕ್ಕನ ಮೇಲೇ ನಂಬಿಕೆ, ಅವಳಿಗೆ ಆ ಹೆಸರಿಟ್ಟವರೂ ಅವರೇ, ಸಂಬಳ ಮೂಗಿಗಮ್ಮ, ಕೈಕಾಲು ಪುಕ್ಕಟೆ ಎಂದು ನಗುತ್ತಿದ್ದರು, ಅದನ್ನು ಮನೆಯಲ್ಲಿ ಹೇಳಿದರೆ ಮಗಳು ಬಂದು ಅವಳ ಮೂಗು ಹಿಂಡುತ್ತಿದ್ದಳು — ಏಳು ವರ್ಷದ ಕೂಸು, ಮೂರೇ ದಿನದ ಜ್ವರ, ಉಳಿದದ್ದು ಒಗೆಯದ ಒಂದು ಫ್ರಾಕು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಟ್ರಂಕಿನಲ್ಲಿಟ್ಟದ್ದು, ವಾಸನೆ ಖರ್ಚಾಗಿಬಿಟ್ಟೀತೆಂದು ವರ್ಷಕ್ಕೊಮ್ಮೆ ಮಾತ್ರ ಬಿಚ್ಚಿ ಮೂಸುವುದು, ಬೆವರು, ಪೆನ್ಸಿಲ್ಲು, ತಲೆಗೆ ಹಚ್ಚಿದ ಎಣ್ಣೆ — ಇವತ್ತು ಬೆಳಿಗ್ಗೆ ಬಿಚ್ಚಿದರೆ ಏನೂ ಇಲ್ಲ, ಬರೀ ಬಟ್ಟೆ, ನೀವೇ ಚೀಲ ಬಿಚ್ಚಿಟ್ಟಿರೋದು ಎಂದು ಗಂಡನ ಮೇಲೆ ಹರಿಹಾಯ್ದಳು, ಅವನು ಫ್ರಾಕು ಈಸಿಕೊಂಡು ಮುಖಕ್ಕೆ ಒತ್ತಿಕೊಂಡ, ಇದೆಯಲ್ಲೇ, ಅವಳದೇ ವಾಸನೆ, ಅಂದ, ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ, ಕಿತ್ತುಕೊಂಡಳು, ಊಟದ ಡಬ್ಬಿಯನ್ನೂ ತೆಗೆದುಕೊಳ್ಳದೆ ಹೊರಟು ಬಂದಳು.

ಉರಿ ನೋಡುವವನು ಕೆಮ್ಮುತ್ತಿದ್ದಾನೆ, ಮೂಗಿಗೆ ಟವೆಲ್ಲು ಕಟ್ಟಿಕೊಂಡಿದ್ದಾನೆ, ಕಣ್ಣಲ್ಲಿ ನೀರು, ಯಾಕೆ, ನಾತವೇ ಎದ್ದಿಲ್ಲವಲ್ಲ, ಬರೀ ಹಬೆ, ಅವಳು ಮುಚ್ಚಳಕ್ಕೆ ಇನ್ನಷ್ಟು ಬಗ್ಗಿದಳು, ಕೆನ್ನೆ ಸುಟ್ಟಿತು, ಬಿಸಿ ಇದೆ, ಒದ್ದೆ ಇದೆ, ಬೇರೇನೂ ಇಲ್ಲ — ನಿನಗೆ ಏನು ವಾಸನೆ ಬರ್ತಿದೆಯೋ ಎಂದು ಕೇಳಿದಳು, ತಮಾಷೆ ಎಂದುಕೊಂಡು ಅವನು ನಕ್ಕ, ಮೊಟ್ಟೆ ನಾತ ಹೋಗಿ ಎಷ್ಟೊತ್ತಾಯ್ತು ಅಕ್ಕಾ, ಈಗ ಸಕ್ಕರೆ ಸೀದ ಹಾಗಿದೆ, ನೀವು ಹೇಳ್ತೀರ ಅಂತ ಕಾಯ್ತಿದ್ದೆ.

ಹಾಗಾದರೆ ಸುಳ್ಳಲ್ಲ, ಫ್ರಾಕಿನಲ್ಲಿ ಮಗಳು ಇದ್ದ ಹಾಗೇ ಇದ್ದಾಳೆ, ಬೆವರೂ ಇದೆ, ಪೆನ್ಸಿಲ್ಲೂ ಇದೆ, ಹೋದದ್ದು ಇವಳ ಮೂಗು, ಇನ್ನು ಎಷ್ಟು ವರ್ಷ ಬಿಚ್ಚಿದರೂ ಬರೀ ಬಟ್ಟೆ — ಆರಿಸು ಅನ್ನಬೇಕು, ಒಳಗೆ ಎಲ್ಲ ಗೋಂದಾಗುತ್ತಿದೆ, ಬೆಳಿಗ್ಗೆ ಗಂಡನಿಗೆ ಬಂದಿತ್ತು ಆ ವಾಸನೆ, ಕಣ್ಣು ಮುಚ್ಚಿಕೊಂಡು ನಿಂತಿದ್ದ, ಉಸಿರನ್ನು ಎಳೆದು ಎಳೆದು ತೆಗೆದುಕೊಳ್ಳುತ್ತಿದ್ದ, ಇನ್ನೊಂದು ಸಲ ಎಳೆದುಕೊಳ್ಳುತ್ತಿದ್ದನೇನೋ, ಅವನ ಮುಖ ಫ್ರಾಕಿನೊಳಗೆ, ಅವಳು ಕಿತ್ತುಕೊಂಡಳು, ಅವನ ಮುಖ ಫ್ರಾಕಿನೊಳಗೆ —